ಬಾಗಿಲಿಲ್ಲದ ಹಿಂಡಿಗೆ ಲಸಿಕೆ
ಕಾಲುಬಾಯಿ ಜ್ವರದ ಲಸಿಕೆ ಮನೆ ಬಾಗಿಲಿಗೇ ಬರುತ್ತದೆ ಎನ್ನುತ್ತದೆ ಸರ್ಕಾರ. ಆದರೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸಬೇಡರ ದೇವರ ಎತ್ತುಗಳಿಗೆ ಬಾಗಿಲೆಲ್ಲಿದೆ? ಕಾಯುವ ಕಿಲಾರಿಗಳೊಂದಿಗೆ ಮೇವು ಹುಡುಕಿ ಅಲೆಯುವ, ಮುಳ್ಳುಬೇಲಿಯ ರೊಪ್ಪದಲ್ಲಿ ಒತ್ತೊತ್ತಾಗಿ ಮಲಗುವ ಹಿಂಡು ಅದು. ಒಂದರ ಬಾಯಿಂದ ಜೊಲ್ಲು ಸುರಿದು ಗೊರಸಿನ ಸಂದಿಯ ಹುಣ್ಣು ಕಣ್ಣಿಗೆ ಬೀಳುವಷ್ಟರಲ್ಲಿ ರೋಗ ಪಕ್ಕದವಕ್ಕೂ ಅಂಟಿರುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಆರು ತಿಂಗಳಿಗೊಮ್ಮೆ ಉಚಿತವಾಗಿ ಲಸಿಕೆ ಹಾಕುತ್ತದೆ. 2030ರ ಹೊತ್ತಿಗೆ ರೋಗವನ್ನೇ ಇಲ್ಲವಾಗಿಸುವ ಗುರಿ ಅದರದು. ‘ಹೋದ ಸಲ ಹಾಕಿಸಿದ್ದೆವಲ್ಲ’ ಎನ್ನುವವರ ಬೇಸರಕ್ಕೂ ಕಾರಣವಿದೆ: 2011ರಲ್ಲಿ ಜಗತ್ತಿನಿಂದಲೇ ತೊಲಗಿತೆಂದು ಸಾರಲಾದ ದನಗಳ ದೊಡ್ಡರೋಗದಿಂದ ಒಂದೇ ಚುಚ್ಚುಮದ್ದು ವರ್ಷಗಟ್ಟಲೆ ಕಾಯುತ್ತಿತ್ತು, ಕುರಿಗಳ ಪಿಪಿಆರ್ ರೋಗದ ಲಸಿಕೆಯೂ ಮೂರು ವರ್ಷ ತಡೆಯುತ್ತದೆ. ಆದರೆ ಕಾಲುಬಾಯಿ ವೈರಾಣುವಿನಲ್ಲಿ ಹಲವು ಬಗೆ, ಅದರ ಲಸಿಕೆಯ ಬಲ ಆರು ತಿಂಗಳಿಗೇ ಸವೆಯುತ್ತದೆ. ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತದೆಂಬ ಅಂಜಿಕೆ ಎರಡು ಮೂರು ದಿನದ ಮಾತು. ರೋಗ ಬಂದರೆ ಇಡೀ ಸೂಲಿನ ಹಾಲೇ ಹೋದೀತು. ಹಾಗೆಂದು ಹೊಣೆಯೆಲ್ಲ ದನ ಕಾಯುವವನದಲ್ಲ. 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕಾದ ಲಸಿಕೆಯ ಸೀಸೆ ಈ ಬಿಸಿಲುನಾಡಿನಲ್ಲಿ ಕೆಡದೆ ರೊಪ್ಪ ಮುಟ್ಟಬೇಕಾದರೆ, ಹಿಂಡು ತಂಗಿರುವ ಜಾಗವನ್ನು ಕಿಲಾರಿಯಿಂದ ಮೊದಲೇ ಕೇಳಿಕೊಂಡು, ದನವನ್ನು ಮೇಯಲು ಬಿಡುವ ಮುನ್ನವೇ ಸಿಬ್ಬಂದಿ ಅಲ್ಲಿರಬೇಕು.