ಡಿಸ್ಕ್ ಸಮೇತವೋ, ಡಿಸ್ಕ್ ಕಿತ್ತೋ?

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಡೆ ಹಳೆಯ ಲ್ಯಾಪ್‌ಟಾಪ್ ಮಾರಲು ಹೊರಟವರಿಗೆ ಎರಡು ಬಗೆಯ ಬುದ್ಧಿಮಾತು ಸಿಗುತ್ತದೆ. ಡಿಸ್ಕ್ ಕಿತ್ತಿಟ್ಟುಕೊಂಡು ಬರೀ ಡಬ್ಬ ಮಾರಿ ಅನ್ನುವವರು ಒಂದು ಕಡೆ. ಸರಿಯಾಗಿ ಅಳಿಸಿ ಡಿಸ್ಕ್ ಸಮೇತ ಕೊಡಿ, ಇಲ್ಲದಿದ್ದರೆ ಕೊಂಡವನಿಗೆ ಅದರಿಂದೇನು ಪ್ರಯೋಜನ ಅನ್ನುವವರು ಇನ್ನೊಂದು ಕಡೆ. ಎರಡು ಮಾತಿನಲ್ಲೂ ತೂಕವಿದೆ, ಎರಡನ್ನೂ ಪೂರ್ತಿ ಕೇಳಬೇಕು.

ಈಗ ಈ ಪ್ರಶ್ನೆ ಹೆಚ್ಚು ಮನೆಗಳಲ್ಲಿ ಏಳುತ್ತಿರುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ನಿಯಮಿತ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳಲ್ಲಿ ಬಹುತೇಕವನ್ನು ಅದು ಒಪ್ಪುವುದಿಲ್ಲ. ಚೆನ್ನಾಗಿ ಓಡುತ್ತಿರುವ ಎಷ್ಟೋ ಯಂತ್ರಗಳು ಹೀಗೆ ಒಂದೇ ದಿನದಲ್ಲಿ ಹಳೆಯವಾದವು. ಲಿನಕ್ಸ್ ಹಾಕಿಕೊಟ್ಟರೆ ಅವು ಇನ್ನೂ ಕೆಲವು ವರ್ಷ ಡಿಪ್ಲೊಮಾ ವಿದ್ಯಾರ್ಥಿಗೋ ಸಣ್ಣ ಅಂಗಡಿಯ ಲೆಕ್ಕಪತ್ರಕ್ಕೋ ಸಾಕು.

ಮೊದಲು ಹೆದರುವವರ ಮಾತು. ಅವರ ಭಯ ಹುಸಿಯಲ್ಲ. ಕಡತ ಅಳಿಸಿ ರೀಸೈಕಲ್ ಬಿನ್ ಖಾಲಿ ಮಾಡಿದರೂ, ಅವಸರದಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದರೂ, ಹಾರ್ಡ್ ಡಿಸ್ಕಿನಲ್ಲಿ ಹೋಗುವುದು ಕಡತಗಳ ವಿಳಾಸ ಮಾತ್ರ. ಮನೆ ಮಾರಿದವರು ಬಾಗಿಲ ಮೇಲಿನ ಹೆಸರಿನ ಫಲಕ ಕಿತ್ತುಕೊಂಡು, ಬೀರು ತುಂಬ ಪತ್ರಗಳನ್ನು ಹಾಗೇ ಬಿಟ್ಟು ಹೋದಂತೆ. ಉಚಿತವಾಗಿ ಸಿಗುವ ರಿಕವರಿ ತಂತ್ರಾಂಶವೇ ಅವನ್ನು ಮೇಲೆತ್ತಬಲ್ಲದು. ಅಮೆರಿಕದ ಎಂಐಟಿಯಲ್ಲಿ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಿಂದ 158 ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದು 12 ಮಾತ್ರ. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕವು.

ನಮ್ಮ ಮನೆಯ ಡಿಸ್ಕಿನಲ್ಲಿ ಇರುವುದನ್ನು ನೆನೆಸಿಕೊಂಡರೆ ಸಾಕು. ಆಧಾರ್, ಪ್ಯಾನ್ ಕಾರ್ಡುಗಳ ಸ್ಕ್ಯಾನ್, ಫಾರ್ಮ್ 16, ಬಾಡಿಗೆ ಕರಾರು, ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡು, ಮಗುವಿನ ಫೋಟೊ. ಪೀಣ್ಯದ ಸಣ್ಣ ವರ್ಕ್‌ಶಾಪಿನ ಕಂಪ್ಯೂಟರಿನಲ್ಲಿ ಇನ್ನೂ ಹೆಚ್ಚು ಇರುತ್ತದೆ: ಟ್ಯಾಲಿ ಲೆಕ್ಕ, ಕಾರ್ಮಿಕರ ಪಿಎಫ್ ವಿವರ, ಸಿಎನ್‌ಸಿ ಪ್ರೋಗ್ರಾಮು, ದೊಡ್ಡ ಕಂಪನಿ ನಂಬಿ ಕಳಿಸಿದ ಬಿಡಿಭಾಗದ ನಕ್ಷೆ. ಆ ನಕ್ಷೆ ಪಕ್ಕದ ಶೆಡ್ಡಿಗೆ ಹೋದರೆ ಆರ್ಡರೇ ಹೋದಂತೆ. ಅಂಥ ಮಾಲೀಕರು ಡಿಸ್ಕ್ ಕಿತ್ತು ಡ್ರಿಲ್ಲಿಂಗ್ ಮಷಿನ್ನಿಗೆ ಕೊಟ್ಟರೆ ಅದನ್ನು ಅತಿಯೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಎಸ್‌ಎಸ್‌ಡಿ ಬಂದ ಮೇಲೆ ಅವರಿಗೆ ಇನ್ನೊಂದು ವಾದ ಸಿಕ್ಕಿದೆ. ಹಳೆಯ ತಿರುಗುವ ಡಿಸ್ಕಿನಲ್ಲಿ ಇಡೀ ಜಾಗದ ಮೇಲೆ ಒಮ್ಮೆ ಸೊನ್ನೆ ಬರೆದರೆ ಹಳೆಯದು ಮುಚ್ಚಿಹೋಗುತ್ತದೆ. ಎಸ್‌ಎಸ್‌ಡಿ ಹಾಗಲ್ಲ. ಸವೆತ ಸಮನಾಗಲೆಂದು ಅದು ಪ್ರತಿ ಸಲ ಬೇರೆ ಕಡೆ ಬರೆಯುತ್ತದೆ, ನಮ್ಮ ಕೈಗೆಟುಕದ ಮೀಸಲು ಜಾಗವನ್ನೂ ಇಟ್ಟುಕೊಂಡಿರುತ್ತದೆ. ಮೇಲಿಂದ ಎಷ್ಟು ಸಲ ಬರೆದರೂ ಹಳೆಯ ಚೂರೊಂದು ಉಳಿದಿರಬಹುದು.

ಇನ್ನು ಎರಡನೆಯವರ ಮಾತು. ಅವರು ಕೊಳ್ಳುವವನ ಕಡೆಯಿಂದ ನೋಡುತ್ತಾರೆ, ಈ ಚರ್ಚೆಯಲ್ಲಿ ಸಾಮಾನ್ಯವಾಗಿ ದನಿಯೇ ಇಲ್ಲದವನು ಅವನು. ಡಿಸ್ಕಿಲ್ಲದ ಲ್ಯಾಪ್‌ಟಾಪ್ ಕೊಂಡ ವಿದ್ಯಾರ್ಥಿ ಎಸ್‌ಪಿ ರಸ್ತೆಗೆ ಹೋಗಿ ಹೊಸ ಎಸ್‌ಎಸ್‌ಡಿಗೆ ಮತ್ತಷ್ಟು ಸಾವಿರ ಸುರಿಯಬೇಕು. ಅಷ್ಟು ಹಣವಿದ್ದಿದ್ದರೆ ಅವನು ಹಳೆಯದನ್ನು ಹುಡುಕುತ್ತಿರಲಿಲ್ಲ. ಕಿತ್ತವರು ಎಷ್ಟೋ ಸಲ ಡಿಸ್ಕಿನ ಚೌಕಟ್ಟು, ಕನೆಕ್ಟರ್ ಪಟ್ಟಿ, ಸಣ್ಣ ತಿರುಪುಗಳನ್ನೂ ಜೊತೆಗೇ ಒಯ್ದಿರುತ್ತಾರೆ. ಆ ಮಾದರಿಗೆ ಹೊಂದುವ ಪಟ್ಟಿ ಹುಡುಕುವುದು ಡಿಸ್ಕ್ ಹುಡುಕುವುದಕ್ಕಿಂತ ಕಷ್ಟ. ಲ್ಯಾಪ್‌ಟಾಪೊಂದು ಪರಿಸರದ ಮೇಲೆ ಹೇರುವ ಹೊರೆಯಲ್ಲಿ ಬಹುಪಾಲು ಅದು ಕಾರ್ಖಾನೆಯಿಂದ ಹೊರಬರುವಷ್ಟರಲ್ಲೇ ಹೇರಿ ಆಗಿರುತ್ತದೆ. ಇನ್ನೊಬ್ಬರ ಕೈಯಲ್ಲಿ ಮೂರು ವರ್ಷ ಹೆಚ್ಚು ಓಡಿದರೆ ಅಷ್ಟೂ ಉಳಿತಾಯ.

ತಂತ್ರಜ್ಞಾನವೂ ಅವರ ಪರ ಸಾಕ್ಷಿ ಹೇಳುತ್ತದೆ. ಮಾಹಿತಿ ಅಳಿಸುವ ಬಗ್ಗೆ ಜಗತ್ತು ಹೆಚ್ಚಾಗಿ ನೆಚ್ಚುವುದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ 800-88 ಮಾರ್ಗಸೂಚಿಯನ್ನು. ಅದು ನಾಶವೊಂದನ್ನೇ ದಾರಿ ಎನ್ನುವುದಿಲ್ಲ. ಮೇಲೆ ಬರೆದು ಅಳಿಸುವುದು, ಡಿಸ್ಕಿನ ಒಳಗಿನ ಆಜ್ಞೆಯಿಂದಲೇ ಆಳವಾಗಿ ತೊಳೆಯುವುದು, ಕೊನೆಗೆ ಪುಡಿ ಮಾಡುವುದು ಎಂದು ಮೂರು ಹಂತ ಹೇಳುತ್ತದೆ. ಎಸ್‌ಎಸ್‌ಡಿಗೆ ಸೆಕ್ಯೂರ್ ಇರೇಸ್ ಆಜ್ಞೆ ಕೊಟ್ಟರೆ ಆ ಮೀಸಲು ಜಾಗವನ್ನೂ ಅದು ತಾನೇ ತೊಳೆದುಕೊಳ್ಳುವಂತೆ ರೂಪಿಸಲಾಗಿದೆ. ಕೊಂಡ ದಿನದಿಂದಲೇ ಬಿಟ್‌ಲಾಕರ್‌ನಂಥ ಗೂಢಲಿಪಿ ಹಾಕಿದ್ದರೆ ಇನ್ನೂ ಸುಲಭ: ಕೀಲಿ ಅಳಿಸಿದರೆ ಉಳಿದದ್ದು ಯಾರಿಗೂ ಓದಲು ಬಾರದ ಗೋಜಲು. ಆಪಲ್‌ನ ಈಚಿನ ಮ್ಯಾಕ್‌ಬುಕ್‌ಗಳಲ್ಲಿ, ಹಲವು ತೆಳು ಲ್ಯಾಪ್‌ಟಾಪುಗಳಲ್ಲಿ ಎಸ್‌ಎಸ್‌ಡಿಯನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ ಕೀಳುವ ಮಾತೇ ಬರುವುದಿಲ್ಲ, ಸರಿಯಾಗಿ ಅಳಿಸುವುದೊಂದೇ ದಾರಿ.

ಕಂಪನಿಗಳ ವಿಷಯ ಬೇರೆ. ಮಾಹಿತಿ ಅವರ ಸ್ವಂತದ್ದಲ್ಲ, ಗ್ರಾಹಕರದು. ಮಾರ್ಗನ್ ಸ್ಟ್ಯಾನ್ಲಿ ಬ್ಯಾಂಕ್ ತನ್ನ ಹಳೆಯ ಸರ್ವರು, ಡಿಸ್ಕುಗಳ ವಿಲೇವಾರಿಯನ್ನು ಆ ಕೆಲಸದ ಅನುಭವವೇ ಇಲ್ಲದ ಸಾಗಣೆ ಸಂಸ್ಥೆಗೆ ಒಪ್ಪಿಸಿತ್ತು. ಅವುಗಳಲ್ಲಿ ಕೆಲವು ಗ್ರಾಹಕರ ಮಾಹಿತಿ ಸಮೇತ ಅಂತರ್ಜಾಲದಲ್ಲಿ ಹರಾಜಾದವು. 2022ರಲ್ಲಿ ಅಮೆರಿಕದ ನಿಯಂತ್ರಕ ಸಂಸ್ಥೆಗೆ ಅದು 3.5 ಕೋಟಿ ಡಾಲರ್ ದಂಡ ತೆತ್ತಿತು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸುರಕ್ಷತೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದೆನ್ನುತ್ತದೆ. ಇದನ್ನು ಕಂಡ ಐಟಿ ಸಂಸ್ಥೆ ಎಲ್ಲ ಡಿಸ್ಕನ್ನೂ ಪುಡಿ ಮಾಡಿಸಿದರೆ ಅರ್ಥವಾಗುವಂಥದ್ದೇ. ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿ ಮುಂದೆ ಹೋದರೆ ಸಿಗುವ ದಾಬಸ್‌ಪೇಟೆಯಲ್ಲಿ 2005ರಲ್ಲೇ ಶುರುವಾದ ಇ-ಪರಿಸರ ಎಂಬ ಇ-ತ್ಯಾಜ್ಯ ಘಟಕದಂಥ ಅಧಿಕೃತ ಜಾಗಗಳೂ ಅದಕ್ಕೆ ಇವೆ.

ಆದರೆ ಪುಡಿ ಮಾಡುವ ಅಭ್ಯಾಸಕ್ಕೆ ಬೆಲೆ ತೆರುವವರೂ ಇದ್ದಾರೆ. ಸುಂಕವಿಲ್ಲದೆ ತರಿಸಿದ ಕಂಪ್ಯೂಟರುಗಳನ್ನು ಎರಡು ವರ್ಷ ಬಳಸಿದ ಮೇಲೆ ಮಾನ್ಯತೆ ಪಡೆದ ವಾಣಿಜ್ಯೇತರ ಶಿಕ್ಷಣ ಸಂಸ್ಥೆಗಳಿಗೆ ಸುಂಕ ಕಟ್ಟದೆ ದಾನ ಕೊಡಲು ಸಾಫ್ಟ್‌ವೇರ್ ಪಾರ್ಕ್ ಯೋಜನೆಯ ಘಟಕಗಳಿಗೆ ಅವಕಾಶವಿದೆ. 2022ರ ಇ-ತ್ಯಾಜ್ಯ ನಿಯಮಗಳು ಸಗಟು ಬಳಕೆದಾರರೆಂದು ಗುರುತಿಸುವ ಸಂಸ್ಥೆಗಳಿಗೂ, ನೋಂದಾಯಿತ ಮರುಬಳಕೆದಾರರಿಗಷ್ಟೇ ಅಲ್ಲ, ದುರಸ್ತಿ ಮಾಡಿ ಮತ್ತೆ ಬಳಕೆಗೆ ತರುವ ನೋಂದಾಯಿತ ನವೀಕರಣಕಾರರಿಗೂ ಕೊಡುವ ದಾರಿ ತೆರೆದಿದೆ. ಡಿಸ್ಕಿನ ಕ್ರಮಸಂಖ್ಯೆಯೊಂದಿಗೆ ಅಳಿಸಿದ ಪ್ರಮಾಣಪತ್ರ ಬರೆಸಿಕೊಂಡು ಯಂತ್ರವನ್ನು ಶಾಲೆಗೆ ಕೊಡುವುದು ಪುಡಿ ಮಾಡಿಸುವುದಕ್ಕಿಂತ ಹೆಚ್ಚು ಶ್ರಮದ ಕೆಲಸ ನಿಜ. ಆ ಶ್ರಮ ತೆಗೆದುಕೊಳ್ಳುವ ಶಕ್ತಿ ದೊಡ್ಡ ಕಂಪನಿಗಳಿಗಿದೆ, ಹತ್ತು ಜನರ ವರ್ಕ್‌ಶಾಪಿಗಿಲ್ಲ. ಇಬ್ಬರನ್ನೂ ಒಂದೇ ಅಳತೆಯಲ್ಲಿ ತೂಗುವುದು ನ್ಯಾಯವಲ್ಲ.

ಈ ಜಗಳದಲ್ಲಿ ಮುಳುಗಿ ಉಳಿದ ತಯಾರಿ ಮರೆಯುವವರೂ ಇದ್ದಾರೆ. ಆಪಲ್ ಖಾತೆಯಿಂದ ಹೊರಬರದೆ ಮಾರಿದ ಮ್ಯಾಕ್‌ಬುಕ್ ಕೊಂಡವನಿಗೆ ಸಕ್ರಿಯವಾಗುವುದೇ ಇಲ್ಲ. ಬಯೋಸ್ ಪಾಸ್‌ವರ್ಡ್ ಇರುವ ಯಂತ್ರದ್ದೂ ಅಂಥದೇ ಪಾಡು. ಕಂಪನಿಯ ನಿಯಂತ್ರಣ ಪಟ್ಟಿಯಲ್ಲೇ ಉಳಿದ ಲ್ಯಾಪ್‌ಟಾಪು ಎಷ್ಟು ಸಲ ಅಳಿಸಿ ಮತ್ತೆ ಹಾಕಿದರೂ ಹಳೆಯ ಕಂಪನಿಯ ಲಾಗಿನ್ನನ್ನೇ ಕೇಳುತ್ತದೆ. ಮೂಲ ಬಿಲ್ಲನ್ನೂ ಕೊಡಬೇಕು. ಕದ್ದ ಮಾಲಲ್ಲ ಅನ್ನುವುದಕ್ಕೆ ಕೊಂಡವನ ಬಳಿ ಇರುವ ದಾಖಲೆ ಅದೊಂದೇ.

ಎಲ್ಲ ತೂಗಿ ನೋಡಿದ ಮೇಲೆ ನನ್ನ ತೀರ್ಪು ಹೀಗೆ. ಡಿಸ್ಕ್ ಆರೋಗ್ಯವಾಗಿದ್ದು, ಗೂಢಲಿಪಿ ಮೊದಲಿಂದ ಇದ್ದು ಕೀಲಿ ಅಳಿಸಿದ್ದರೆ ಅಥವಾ ಸೆಕ್ಯೂರ್ ಇರೇಸ್ ಪೂರ್ತಿಯಾಗಿ ಮುಗಿದಿದ್ದರೆ, ಮನೆಯ ಕಂಪ್ಯೂಟರನ್ನು ಡಿಸ್ಕ್ ಸಮೇತ ಮಾರುವುದೇ ಸರಿ. ರಿಕವರಿ ತಂತ್ರಾಂಶ ಓಡಿಸಿ ಏನೂ ಸಿಗುವುದಿಲ್ಲವೆಂದು ಕಣ್ಣಾರೆ ನೋಡಿಯೇ ಕೊಡಿ. ಆಜ್ಞೆಗೆ ಉತ್ತರಿಸದ, ಬರೆಯುವಾಗ ತಡವರಿಸುವ ಡಿಸ್ಕನ್ನು ಅಳಿಸಲಾಗದು, ಅದನ್ನು ಕಿತ್ತು ನಾಶ ಮಾಡಿಸಿ. ಬೇರೆಯವರ ಗುಟ್ಟಿರುವ ಡಿಸ್ಕಿನ ಬಗ್ಗೆ ತೀರ್ಮಾನಿಸುವ ಹಕ್ಕು ಆ ಬೇರೆಯವರದು, ಅವರನ್ನು ಕೇಳಿ. ಡಿಸ್ಕ್ ಕಿತ್ತೇ ಮಾರುವುದಾದರೆ ಅದನ್ನು ಮೊದಲೇ ಹೇಳಿ, ಬೆಲೆಯಲ್ಲಿ ಹೊಸ ಡಿಸ್ಕಿನ ಮೊತ್ತ ಇಳಿಸಿ, ಚೌಕಟ್ಟು, ಪಟ್ಟಿ, ತಿರುಪುಗಳನ್ನು ಪುಟ್ಟ ಕವರಿನಲ್ಲಿ ಹಾಕಿ ಯಂತ್ರದ ಜೊತೆಗೇ ಕೊಡಿ.