ಕಾಣದ ದ್ರವ್ಯದ ತೂಕ

ಕಣ್ಣಿಗೆ ಕಾಣದ ವಸ್ತುವನ್ನು ತೂಗಲು ಸಾಧ್ಯವೇ? ಹೈಸ್ಕೂಲಿನ ಹುಡುಗನೊಬ್ಬ ಹೀಗೆ ಕೇಳಿದರೆ ಮನೆಯ ಹಿರಿಯರು ನಕ್ಕು ಸುಮ್ಮನಾಗುವುದೇ ಹೆಚ್ಚು. ಆದರೆ ಖಗೋಳ ವಿಜ್ಞಾನಿಗಳು ಎಷ್ಟೋ ವರ್ಷಗಳಿಂದ ಮಾಡುತ್ತಿರುವುದು ಇದೇ ಕೆಲಸವನ್ನು.

ಕಾಣದ್ದನ್ನು ಅದರ ಪರಿಣಾಮದಿಂದ ಅರಿಯುವ ವಿದ್ಯೆಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಇರುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ, ಗೌರಿಬಿದನೂರಿನ ಬಳಿ, ಅಂಥ ಎರಡು ಕೇಂದ್ರಗಳಿವೆ. ಒಂದು, 1965ರಲ್ಲಿ ಆರಂಭವಾದ ಭೂಕಂಪನ ಮಾಪನ ಕೇಂದ್ರ. ದೂರ ದೇಶದ ಭೂಕಂಪವನ್ನೂ ನೆಲದಡಿಯ ಅಣುಸ್ಫೋಟವನ್ನೂ ಅದು ನೆಲದ ನಡುಕದಿಂದಲೇ ಗುರುತಿಸುತ್ತದೆ. ಇನ್ನೊಂದು, 1976ರಲ್ಲಿ ಕೆಲಸ ಆರಂಭಿಸಿದ ರೇಡಿಯೋ ದೂರದರ್ಶಕ. ಪೂರ್ವ-ಪಶ್ಚಿಮವಾಗಿ 1.4 ಕಿ.ಮೀ. ಉದ್ದಕ್ಕೆ, ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ, ಸಾವಿರ ಆಂಟೆನಾಗಳನ್ನು ನೆಟ್ಟು ಕಟ್ಟಿದ್ದು. ಇದರಿಂದ ಬೆಂಗಳೂರಿನ ವಿಜ್ಞಾನಿಗಳಾದ ದ್ವಾರಕಾನಾಥ್ ಮತ್ತು ಉದಯಶಂಕರ್ 34.5 ಮೆಗಾಹರ್ಟ್ಸ್ ಆವರ್ತದಲ್ಲಿ ಆಕಾಶದ ನಕ್ಷೆಯನ್ನು ತಯಾರಿಸಿ 1990ರಲ್ಲಿ ಪ್ರಕಟಿಸಿದರು. ನಮ್ಮ ಆಕಾಶಗಂಗೆ ಕಣ್ಣಿಗೆ ಕಾಣುವ ಬೆಳಕಿನಲ್ಲಷ್ಟೇ ಅಲ್ಲ, ರೇಡಿಯೋ ಅಲೆಗಳಲ್ಲೂ ಬೆಳಗುತ್ತದೆ ಎಂಬುದು ಆ ನಕ್ಷೆಯಲ್ಲಿ ಎದ್ದು ಕಾಣುತ್ತದೆ.

ಆದರೆ ಬೆಳಗುವುದು ಬೇರೆ, ತೂಗುವುದು ಬೇರೆ. ಆಕಾಶಗಂಗೆಯಂಥ ಗೆಲಾಕ್ಸಿಯ ದ್ರವ್ಯರಾಶಿಯನ್ನು ಅಳೆಯಲು ತಕ್ಕಡಿ ಯಾವುದು? ಅದು ಗುರುತ್ವಾಕರ್ಷಣೆ.

ಸೌರಮಂಡಲವನ್ನೇ ನೋಡಿ. ಭೂಮಿ ಸೂರ್ಯನನ್ನು ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಸುತ್ತುತ್ತದೆ. ಮೂವತ್ತು ಪಟ್ಟು ದೂರದಲ್ಲಿರುವ ನೆಪ್ಚೂನ್ ಗ್ರಹದ ವೇಗ ಬರೀ 5.4 ಕಿ.ಮೀ. ದ್ರವ್ಯವೆಲ್ಲ ಹೆಚ್ಚುಕಡಿಮೆ ನಡುವಿನ ಸೂರ್ಯನಲ್ಲೇ ಇರುವುದರಿಂದ ದೂರ ಹೋದಂತೆ ಸೆಳೆತ ಕುಗ್ಗುತ್ತದೆ, ವೇಗವೂ ಇಳಿಯುತ್ತದೆ. ಅಂದರೆ ವೇಗ ಮತ್ತು ದೂರ ಗೊತ್ತಾದರೆ, ಸುತ್ತುವ ಹಾದಿಯ ಒಳಗೆ ಎಷ್ಟು ದ್ರವ್ಯವಿದೆ ಎಂದು ಹೇಳಬಹುದು. ವೇಗದ ವರ್ಗವನ್ನು ದೂರದಿಂದ ಗುಣಿಸಿದರೆ ಸಾಕು, ದ್ರವ್ಯರಾಶಿ ಅದಕ್ಕೆ ಅನುಪಾತದಲ್ಲಿರುತ್ತದೆ.

ಈ ಲೆಕ್ಕವನ್ನು ನೀವೇ ಮಾಡಿ ನೋಡಿ. ಸೂರ್ಯ ಆಕಾಶಗಂಗೆಯ ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ, ಸೆಕೆಂಡಿಗೆ ಸುಮಾರು 220 ಕಿ.ಮೀ. ವೇಗದಲ್ಲಿ ಸುತ್ತುತ್ತಿದೆ. ಇದು ಭೂಮಿಯ ವೇಗದ 7.3 ಪಟ್ಟು, ಅದರ ವರ್ಗ ಸುಮಾರು 54. ಒಂದು ಜ್ಯೋತಿರ್ವರ್ಷವೆಂದರೆ ಭೂಮಿ-ಸೂರ್ಯರ ಅಂತರದ 63,000 ಪಟ್ಟು. ಹಾಗಾಗಿ ದೂರ 164 ಕೋಟಿ ಪಟ್ಟು. ಎರಡನ್ನೂ ಗುಣಿಸಿದರೆ ಸುಮಾರು 8,900 ಕೋಟಿ. ಸೂರ್ಯನ ಹಾದಿಯ ಒಳಗೆ ಸರಿಸುಮಾರು ಅಷ್ಟು ಸೂರ್ಯರ ದ್ರವ್ಯವಿದೆ! ಗೆಲಾಕ್ಸಿಯ ದ್ರವ್ಯ ಒಂದೇ ಕಡೆ ಇಲ್ಲದೆ ಹರಡಿಕೊಂಡಿರುವುದರಿಂದ ಇದು ಅಂದಾಜು ಮಾತ್ರ. ಆದರೂ ಅಂದಾಜು ಬಹಳ ತಪ್ಪುವುದಿಲ್ಲ.

ಇನ್ನು ಗೆಲಾಕ್ಸಿಯ ಅಂಚಿಗೆ ಹೋಗೋಣ. ಅಲ್ಲಿ ನಕ್ಷತ್ರಗಳು ವಿರಳ. ಆದ್ದರಿಂದ ನೆಪ್ಚೂನಿನಂತೆ ಅಲ್ಲಿಯ ವೇಗವೂ ಇಳಿಯಬೇಕು. ಅಮೆರಿಕದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ದೇವಯಾನಿ (ಆಂಡ್ರೊಮಿಡಾ) ಗೆಲಾಕ್ಸಿಯ 67 ಅನಿಲ ಪ್ರದೇಶಗಳ ವೇಗವನ್ನು ಅಳೆದು 1970ರಲ್ಲಿ ಪ್ರಕಟಿಸಿದರು. ಹತ್ತಿರ ಬರುವ ರೈಲಿನ ಶಿಳ್ಳೆ ಕೀರಲಾಗಿ, ದೂರ ಸರಿಯುವುದರದ್ದು ದಪ್ಪಗೆ ಕೇಳುತ್ತದಲ್ಲ, ಬೆಳಕಿನಲ್ಲೂ ಅಂಥದೇ ಬದಲಾವಣೆ ಆಗುತ್ತದೆ. ಅದೇ ಅಳತೆಯ ಸಾಧನ. ಫಲಿತಾಂಶ ಅಚ್ಚರಿಯದಾಗಿತ್ತು. ಹೊರಗೆ ಹೋದರೂ ವೇಗ ನಿರೀಕ್ಷಿಸಿದಂತೆ ಇಳಿಯಲಿಲ್ಲ. ಜಲಜನಕದ ಅನಿಲ ಸೂಸುವ 21 ಸೆಂ.ಮೀ. ರೇಡಿಯೋ ಅಲೆಯನ್ನು ಹಿಡಿದು ನಕ್ಷತ್ರಗಳ ಎಲ್ಲೆಯನ್ನೂ ದಾಟಿ ಅಳೆದವರಿಗೆ ಅನೇಕ ಗೆಲಾಕ್ಸಿಗಳಲ್ಲಿ ಇದೇ ಕಂಡಿತು.

ವೇಗ ಇಳಿಯದಿದ್ದರೆ ಅರ್ಥವೇನು? ದೂರ ಎರಡರಷ್ಟಾದಾಗ ಒಳಗಿನ ದ್ರವ್ಯವೂ ಎರಡರಷ್ಟಾಗಿರಬೇಕು. ಬೆಳಕು ಕಡಿಮೆಯಾದ ಕಡೆಯೂ ದ್ರವ್ಯ ಬೆಳೆಯುತ್ತಲೇ ಇದೆ. ಬೆಳಕನ್ನು ಸೂಸದ, ಹೀರದ ಈ ದ್ರವ್ಯಕ್ಕೆ ಕಪ್ಪು ದ್ರವ್ಯ ಎಂದು ಹೆಸರು. ಗೆಲಾಕ್ಸಿಗಳ ಗುಂಪೊಂದನ್ನು ಪರಿಶೀಲಿಸಿದ ಫ್ರಿಟ್ಜ್ ಜ್ವಿಕಿ 1933ರಲ್ಲೇ ಇದರ ಸುಳಿವು ಕೊಟ್ಟಿದ್ದರು. ಇಂದಿನ ಲೆಕ್ಕದಂತೆ ವಿಶ್ವದ ದ್ರವ್ಯದಲ್ಲಿ ಆರರಲ್ಲಿ ಸುಮಾರು ಐದು ಪಾಲು ಇದೇ. ಆದರೆ ಅದರ ಒಂದು ಕಣವನ್ನೂ ಪ್ರಯೋಗಶಾಲೆಯಲ್ಲಿ ಈವರೆಗೆ ಖಚಿತವಾಗಿ ಹಿಡಿದವರಿಲ್ಲ. ದ್ರವ್ಯವಲ್ಲ, ಗುರುತ್ವದ ನಿಯಮವನ್ನೇ ತಿದ್ದಬೇಕು ಎಂದು 1983ರಲ್ಲಿ ಇಸ್ರೇಲಿನ ಮಿಲ್ಗ್ರೋಮ್ ವಾದಿಸಿದರು. ಹೆಚ್ಚಿನ ವಿಜ್ಞಾನಿಗಳು ಇದನ್ನು ಒಪ್ಪದಿದ್ದರೂ ವಾದ ಮುಗಿದಿಲ್ಲ.

ತಂದೆ-ತಾಯಂದಿರಿಗೆ ಒಂದು ಮಾತು. ಹುಡುಗಿಯಾಗಿದ್ದಾಗ ವೆರಾಗೆ ರಟ್ಟಿನ ಕೊಳವೆಯಿಂದ ದೂರದರ್ಶಕ ಮಾಡಲು ನೆರವಾದವರು ತಂದೆ. ಕಾಲೇಜಿಗೆ ಹೊರಟಾಗ, ವಿಜ್ಞಾನದಿಂದ ದೂರವಿದ್ದರೆ ಒಳ್ಳೆಯದು ಎಂದು ಬುದ್ಧಿ ಹೇಳಿದವರು ಶಾಲೆಯ ಭೌತಶಾಸ್ತ್ರದ ಮೇಷ್ಟರು! ಮದುವೆಯಾಗಿ ಮಕ್ಕಳಾದ ಮೇಲೆ ಆಕೆ ರಾತ್ರಿ ತರಗತಿಗಳಿಗೆ ಹೋಗಿ ಡಾಕ್ಟರೇಟ್ ಪಡೆದರು. ಆಗ ಗಂಡ ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ಮೊಮ್ಮಕ್ಕಳನ್ನು ನೋಡಿಕೊಂಡವರು ವೆರಾ ಅವರ ತಂದೆ-ತಾಯಿ. ಅಂಕಪಟ್ಟಿಯಲ್ಲಿ ಕಾಣದ ಈ ಬಗೆಯ ಬೆಂಬಲ ನಮ್ಮ ತಾಲ್ಲೂಕುಗಳ ಹೆಣ್ಣುಮಕ್ಕಳಿಗೂ ಬೇಕು.

ನವೆಂಬರ್ ಕೊನೆಯಲ್ಲಿ ಮೋಡವಿಲ್ಲದ, ಬೆಳುದಿಂಗಳಿಲ್ಲದ ದಿನ ರಾತ್ರಿ ಎಂಟರ ಸುಮಾರಿಗೆ ಊರಿನ ದೀಪಗಳಿಂದ ದೂರ ನಿಂತು ಉತ್ತರಕ್ಕೆ ಮುಖ ಮಾಡಿ. ನೆತ್ತಿಯಿಂದ ತುಸು ಕೆಳಗೆ ಮಬ್ಬಾದ ಮಚ್ಚೆಯೊಂದು ಕಂಡೀತು. ಅದೇ ದೇವಯಾನಿ ಗೆಲಾಕ್ಸಿ, 25 ಲಕ್ಷ ಜ್ಯೋತಿರ್ವರ್ಷ ದೂರದ್ದು. ಮಕ್ಕಳಿಗೆ ತೋರಿಸಿ; ಕಾಣುವುದು ಅದರ ಸಣ್ಣ ಪಾಲು ಮಾತ್ರ ಎಂಬುದನ್ನೂ ಹೇಳಿ.