ಊರಿನ ಸಿನಿಮಾ ಊರಿಗೇ ಮೊದಲು

ಬೀದರಿನ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ಅದರ ಆಸುಪಾಸಿನ ಹಳ್ಳಿಗಳ ಕೆಲವು ಮಹಿಳೆಯರು 1990ರ ದಶಕದ ಕೊನೆಯ ಹೊತ್ತಿಗೆ ವಿಡಿಯೊ ಕ್ಯಾಮೆರಾ ಹಿಡಿಯಲು ಕಲಿತರು. ಬಹುತೇಕರು ದಲಿತರು, ಹೊಲದ ಕೆಲಸದವರು. ಹೆಚ್ಚಿನವರಿಗೆ ಅಕ್ಷರದ ಪರಿಚಯವಿರಲಿಲ್ಲ. ಕ್ಯಾಮೆರಾವನ್ನು ಎಲ್ಲಿಡಬೇಕು ಎಂಬ ಪಾಠ ಬಂದಾಗ ಅವರು ಸಿನಿಮಾ ಶಾಲೆಯ ಪರಿಭಾಷೆಯನ್ನು ಬದಿಗಿಟ್ಟು ತಮಗೆ ಗೊತ್ತಿದ್ದ ಲೋಕದಿಂದಲೇ ಹೆಸರು ಹುಡುಕಿಕೊಂಡರು. ಮೇಲಿನಿಂದ ಕೆಳಕ್ಕೆ ನೋಡುವುದು ‘ಪಟೇಲ್ ಶಾಟ್’. ಊರಿನ ಯಜಮಾನ ಎತ್ತರದಲ್ಲಿ ಕೂತು ಅಂಗಳದ ಆಳುಗಳನ್ನು ನೋಡುವ ನೋಟ ಅದು. ಕೆಳಗಿನಿಂದ ಮೇಲಕ್ಕೆ ತೆಗೆದದ್ದು ಜೀತದಾಳಿನ ಶಾಟ್. ಎದುರಿನವರ ಸಮಕ್ಕೆ ಕೂತು ಕಣ್ಣಿನ ಮಟ್ಟದಲ್ಲಿ ತೆಗೆದದ್ದು ‘ಸಂಘಂ ಶಾಟ್’. ಮಹಿಳಾ ಸಂಘದ ಸಭೆಯಲ್ಲಿ ಎಲ್ಲರೂ ಒಂದೇ ಎತ್ತರದಲ್ಲಿ ಕೂರುತ್ತಾರಲ್ಲ, ಹಾಗೆ. ಅವರ ಕ್ಯಾಮೆರಾ ಹೆಚ್ಚಾಗಿ ಆರಿಸಿಕೊಂಡದ್ದು ಈ ಮೂರನೆಯ ಎತ್ತರವನ್ನೇ.

ಇವರಿಗೆ ನೆಲೆ ಕೊಟ್ಟದ್ದು ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನವರು. ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದ ಅವರು ಸಿರಿಧಾನ್ಯ ಬೆಳೆಯುವ ಈ ಮಹಿಳೆಯರ ಜೊತೆ ದಶಕಗಳ ಕಾಲ ದುಡಿದು 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅಲ್ಲಿನ ಮಹಿಳೆಯರ ತಂಡ ವಾರಂಗಲ್ಲಿನ ಬಿಟಿ ಹತ್ತಿ ಬೆಳೆಗಾರರ ಹೊಲಗಳಿಗೆ ಹಂಗಾಮಿನುದ್ದಕ್ಕೂ ಹೋಗಿಬಂದು ತಯಾರಿಸಿದ ಸಾಕ್ಷ್ಯಚಿತ್ರ 2003ರಲ್ಲಿ ಹೊರಬಂತು. ಬಿತ್ತನೆಯ ದಿನಗಳ ನಿರೀಕ್ಷೆಯನ್ನೂ ಕೊಯ್ಲಿನ ನಂತರದ ಲೆಕ್ಕವನ್ನೂ ರೈತರ ಬಾಯಿಂದಲೇ ಕೇಳಿಸಿದ್ದು ಆ ಚಿತ್ರದ ಬಲ. ಬೆಳಿಗ್ಗೆ ಬಂದು ಸಂಜೆ ಹೊರಟುಹೋಗುವ ಟಿವಿ ತಂಡಕ್ಕೆ ಇದು ದಕ್ಕುವಂಥದ್ದಲ್ಲ.

ಹಳ್ಳಿಗಳಿಗೆ ಟಿವಿ ಬಂದದ್ದು ಹೇಗೆಂಬುದನ್ನು ನೆನೆದರೆ ಪಸ್ತಾಪುರದ ಮಹತ್ವ ಇನ್ನಷ್ಟು ತಿಳಿಯುತ್ತದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತ್ತು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೃಷಿ, ಆರೋಗ್ಯ, ಮಕ್ಕಳ ಪಾಠ ಎಲ್ಲವೂ ಆಕಾಶದಿಂದ ಇಳಿದು ಬಂದವು. ತಂತ್ರಜ್ಞಾನದ ದೃಷ್ಟಿಯಿಂದ ಅದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಟಿವಿ ಮುಂದೆ ಕೂತವರು ತಮ್ಮ ಮಾತನ್ನು ಅದೇ ದಾರಿಯಲ್ಲಿ ಹಿಂದಕ್ಕೆ ಕಳಿಸುವಂತಿರಲಿಲ್ಲ.

ಈಗ ಪ್ರತಿ ಕೈಯಲ್ಲೂ ಕ್ಯಾಮೆರಾ ಇದೆ. ಹೊಳೆ ಉಕ್ಕಿದರೆ, ಜಾತ್ರೆಯಲ್ಲಿ ತೇರು ವಾಲಿದರೆ ಹತ್ತು ನಿಮಿಷದಲ್ಲಿ ಊರೆಲ್ಲ ವಿಡಿಯೊ ಹರಿದಾಡುತ್ತದೆ. ಸಮುದಾಯ ಮಾಧ್ಯಮಕ್ಕೆ ಇನ್ನೇನು ಕೆಲಸ ಎಂದು ಕೇಳುವವರಿದ್ದಾರೆ. ಕೆಲಸ ಈಗಲೇ ಹೆಚ್ಚು ಎನ್ನುವುದು ಈ ಪತ್ರಿಕೆಯ ನಂಬಿಕೆ. ಕ್ಯಾಮೆರಾ ಸಾಕಷ್ಟಿವೆ, ತೆಗೆದದ್ದನ್ನು ಅದರಲ್ಲಿ ಇರುವವರ ಮುಂದೆಯೇ ಇಟ್ಟು, ಅವರು ಏನನ್ನುತ್ತಾರೆಂದು ಕೇಳಿ, ಮತ್ತೆ ಸಂಕಲನಕ್ಕೆ ಕೂರುವ ಜನ ಕಡಿಮೆ. ಸ್ವಯಂಸೇವಕರು ನಿಜವಾಗಿ ಬೇಕಿರುವುದು ಇಲ್ಲಿ.

ಇದರ ಹಳೆಯ ಮಾದರಿಯೊಂದು ಕೆನಡಾದ್ದು. ನ್ಯೂಫೌಂಡ್‌ಲೆಂಡ್ ಕರಾವಳಿಯ ಫೋಗೊ ಎಂಬ ದ್ವೀಪದಲ್ಲಿ ಮೀನುಗಾರಿಕೆ ಸೊರಗಿ, ಜನರನ್ನು ಬೇರೆ ಕಡೆಗೆ ಸಾಗಿಸುವ ಮಾತು ನಡೆದಿತ್ತು. 1967ರಲ್ಲಿ ಅಲ್ಲಿನ ರಾಷ್ಟ್ರೀಯ ಫಿಲ್ಮ್ ಮಂಡಳಿಯ ನಿರ್ದೇಶಕ ಕಾಲಿನ್ ಲೋ ಆ ದ್ವೀಪಕ್ಕೆ ಹೋದರು. ಒಂದೇ ದೊಡ್ಡ ಚಿತ್ರ ಮಾಡುವ ಬದಲು ಒಬ್ಬೊಬ್ಬರ ಮಾತಿಗೆ, ಒಂದೊಂದು ಸಂದರ್ಭಕ್ಕೆ ಒಂದೊಂದರಂತೆ ಇಪ್ಪತ್ತಕ್ಕೂ ಹೆಚ್ಚು ಕಿರುಚಿತ್ರಗಳು ತಯಾರಾದವು. ಅವನ್ನು ಮೊದಲು ನೋಡಿದವರು ದ್ವೀಪದ ಜನ. ಚದುರಿದಂತೆ ಬದುಕುತ್ತಿದ್ದ ಆ ಹಳ್ಳಿಗಳಲ್ಲಿ, ಒಂದು ಹಳ್ಳಿಯವರ ಕಷ್ಟವೇ ಪಕ್ಕದ ಹಳ್ಳಿಯವರದ್ದೂ ಎಂಬುದು ಪರದೆಯ ಮೇಲೆ ಕಂಡಿತು. ಚಿತ್ರದಲ್ಲಿ ಇರುವವರು ಒಪ್ಪಿದ ಮೇಲೆಯೇ ಅವು ಸರ್ಕಾರದವರ ಮುಂದೆ ಹೋದವು. ಮಂತ್ರಿಗಳ ಉತ್ತರವೂ ಚಿತ್ರವಾಗಿ ದ್ವೀಪಕ್ಕೆ ಮರಳಿತು. ಮೀನುಗಾರರು ಸಹಕಾರ ಸಂಘ ಕಟ್ಟಿಕೊಂಡು, ದೋಣಿ ಕಟ್ಟುವ ಅಂಗಳ ಮಾಡಿಕೊಂಡು ಅಲ್ಲೇ ಉಳಿದರು. ಎಲ್ಲವೂ ಸಿನಿಮಾದಿಂದಲೇ ಆಯಿತೆಂದು ಹೇಳಲಾಗದು. ಆದರೆ ಅವರು ಒಬ್ಬರ ಮಾತನ್ನೊಬ್ಬರು ಪೂರ್ತಿಯಾಗಿ ಕೇಳಿಸಿಕೊಂಡದ್ದು ಪರದೆಯ ಮುಂದೆ ಕೂತಾಗ.

ಅಹಮದಾಬಾದಿನ ‘ಸೇವಾ’ ಸಂಸ್ಥೆಯ ಮಹಿಳೆಯರದ್ದೂ ಇಂಥದೇ ಕಥೆ. 1984ರಲ್ಲಿ ಅಮೆರಿಕದ ಮಾರ್ಥಾ ಸ್ಟುವರ್ಟ್ ಬಂದು ನಡೆಸಿದ ಕಮ್ಮಟದಲ್ಲಿ ತರಕಾರಿ ಮಾರುವವರೂ ಇದ್ದರು, ಓದು ಬಾರದವರೂ ಇದ್ದರು. ಗುಂಡಿಯ ಮೇಲಿನ ಅಕ್ಷರ ಓದಲಾಗದಿದ್ದರೂ ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ಕೈಗೆ ಗೊತ್ತಾಗುತ್ತದೆ. ಮಾಣೆಕ್ ಚೌಕದ ಬೀದಿಯಲ್ಲಿ ಬುಟ್ಟಿ ಇಟ್ಟುಕೊಂಡು ವ್ಯಾಪಾರ ಮಾಡುವ ಮಹಿಳೆಯರ ಬವಣೆಯನ್ನು ಅವರಲ್ಲೇ ಒಬ್ಬರಾದ ತರಕಾರಿ ಮಾರುವಾಕೆ ಚಿತ್ರೀಕರಿಸಿದರು. ಅಲ್ಲಿಂದ ಬೆಳೆದ ವಿಡಿಯೊ ಸೇವಾ ಆ ಸಂಘಟನೆಯ ಕಾಯಂ ಅಂಗವಾಯಿತು.

ಬಾನುಲಿಯ ಕಥೆ ಕಾನೂನಿನ ಹೊಸ್ತಿಲಲ್ಲಿ ಬಹುಕಾಲ ಕಾದ ಕಥೆ. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರ ಫೆಬ್ರುವರಿಯಲ್ಲಿ. ಮರುವರ್ಷವೇ ಬೆಂಗಳೂರಿನಲ್ಲಿ ಸೇರಿದ ಹೋರಾಟಗಾರರು, ಪ್ರಸಾರ ತಜ್ಞರು ಸಮುದಾಯ ಬಾನುಲಿ ಬೇಕೆಂಬ ಘೋಷಣಾ ಪತ್ರ ಹೊರಡಿಸಿದರು. ಮೊದಲು ಪರವಾನಗಿ ಸಿಕ್ಕಿದ್ದು ಶಿಕ್ಷಣ ಸಂಸ್ಥೆಗಳಿಗೆ. ಚೆನ್ನೈನ ಅಣ್ಣಾ ಎಫ್‌ಎಂ 2004ರಲ್ಲಿ ಶುರುವಾಯಿತು. ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರ ಕೊನೆಗೆ. ಪಸ್ತಾಪುರದ ಸಂಘಂ ರೇಡಿಯೊ ಅಷ್ಟರವರೆಗೂ ಕಾರ್ಯಕ್ರಮ ಧ್ವನಿಮುದ್ರಿಸಿ ಕ್ಯಾಸೆಟ್‌ಗಳಲ್ಲೇ ಊರೂರಿಗೆ ಕೇಳಿಸುತ್ತಿತ್ತು. 2008ರ ಅಕ್ಟೋಬರ್ 15ರಂದು ಪ್ರಸಾರ ಆರಂಭವಾದಾಗ ಅದನ್ನು ಉದ್ಘಾಟಿಸಿದವರು 1995ರ ತೀರ್ಪು ಕೊಟ್ಟ ಪೀಠದಲ್ಲಿದ್ದ ನ್ಯಾಯಮೂರ್ತಿ ಪಿ.ಬಿ. ಸಾವಂತ್.

ಕರ್ನಾಟಕದಲ್ಲಿ ಕಾಯುವುದಕ್ಕೆ ಒಪ್ಪದ ಊರೊಂದಿತ್ತು. ಹೈದರಾಲಿ ಹುಟ್ಟಿದ ಊರು ಎಂದು ಹೆಸರಾದ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ವಾಯ್ಸಸ್, ಮೈರಾಡ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ‘ನಮ್ಮ ಧ್ವನಿ’ ಕಟ್ಟಿದವು. ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇರಲಿಲ್ಲ. ಊರಿನಲ್ಲಿ ಕೇಬಲ್ ಟಿವಿ ಇತ್ತು. ಅದೇ ತಂತಿಯಲ್ಲಿ ಧ್ವನಿಯನ್ನು ಹರಿಸಿ ಮನೆಮನೆಯ ಟಿವಿ ಪೆಟ್ಟಿಗೆಯನ್ನೇ ರೇಡಿಯೊ ಮಾಡಿದರು. ಒಮ್ಮೆ ಊರಿನ ನಲ್ಲಿಗಳು ಒಣಗಿದಾಗ ಅಲ್ಲಿನ ಮಹಿಳೆಯೊಬ್ಬರು ನೀರಿಗಾಗಿ ಪರದಾಡುವವರ ದೂರುಗಳನ್ನು ಧ್ವನಿಮುದ್ರಿಸಿ ಕೇಳಿಸಿದರು. ಕೆಲವೇ ದಿನಗಳಲ್ಲಿ ಕೊಳವೆ ದುರಸ್ತಿಯಾಗಿ ನೀರು ಬಂತು. ಮನವಿ ಪತ್ರವಾದರೆ ಕಚೇರಿಯ ಮೇಜಿನ ಮೇಲೆ ಬಿದ್ದಿರುತ್ತದೆ. ಅದೇ ಮಾತನ್ನು ಇಡೀ ಊರು ಒಟ್ಟಿಗೆ ಕೇಳಿಸಿಕೊಂಡ ಮೇಲೆ ಸುಮ್ಮನಿರುವುದು ಯಾರಿಗೂ ಸುಲಭವಲ್ಲ.

ಸಮುದಾಯ ಬಾನುಲಿಯ ನಿಯಮಗಳನ್ನು ನೋಡಿದರೆ ಸ್ವಯಂಸೇವಕರ ಅಗತ್ಯ ತಾನಾಗಿ ತಿಳಿಯುತ್ತದೆ. ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರುವಂತಿಲ್ಲ. ಬಯಲು ಸೀಮೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಕೇಳಿಸಿದರೆ ಹೆಚ್ಚು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಸ್ಥಳೀಯವಾಗಿ ತಯಾರಾಗಬೇಕು. ಅಂದರೆ ದಿನಕ್ಕೆ ಎಂಟು ಗಂಟೆ ಪ್ರಸಾರ ಮಾಡುವ ನಿಲಯಕ್ಕೆ ನಾಲ್ಕು ಗಂಟೆಯ ಊರಿನ ದನಿ ಬೇಕು. ಜಾಹೀರಾತಿಗೆ ಮಿತಿ ಇರುವ ಈ ನಿಲಯಗಳು ಸಂಬಳದ ನೌಕರರಿಂದಲೇ ಅಷ್ಟನ್ನೂ ತುಂಬಿಸಲಾರವು. ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಬಹುದೇ ಹೊರತು ತಮ್ಮದೇ ಸುದ್ದಿ ಬಿತ್ತರಿಸುವಂತಿಲ್ಲ ಎಂಬ ನಿರ್ಬಂಧ ಇನ್ನೂ ಇದೆ. ಪಂಚಾಯಿತಿ ಸಭೆಯಲ್ಲಿ ಏನಾಯಿತೆಂದು ಊರಿನ ರೇಡಿಯೊ ಊರಿಗೆ ಹೇಳಬಾರದು ಎನ್ನುವುದರಲ್ಲಿ ನ್ಯಾಯವಿಲ್ಲ. ಈ ನಿಯಮ ಹೋಗಬೇಕು.

ಸರಗೂರಿನ ಜನಧ್ವನಿಯಲ್ಲಿ ಕಾಡಂಚಿನ ಆದಿವಾಸಿ ಸಮುದಾಯಗಳ ಮಾತು ಹಾಡುಗಳಿಗೆ ಜಾಗವಿದೆ. ಮಂಗಳೂರಿನ ಸಾರಂಗ್ ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿಯಲ್ಲೂ ಮಾತಾಡುತ್ತದೆ. ಬೆಂಗಳೂರಿನ ರೇಡಿಯೊ ಆಕ್ಟಿವ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತರೂ ಕಸ ಆಯುವವರೂ ಮೈಕಿನ ಮುಂದೆ ಕೂತಿದ್ದಾರೆ. ಇಂಥ ನಿಲಯದ ಬಾಗಿಲು ತಟ್ಟುವ ಯುವಜನರಲ್ಲಿ ಹೆಚ್ಚಿನವರು ಕೇಳುವುದು ನಿರೂಪಕರ ಕುರ್ಚಿಯನ್ನು. ನಿಲಯಕ್ಕೆ ಅದಕ್ಕಿಂತ ಹೆಚ್ಚು ಬೇಕಾಗುವುದು ರೆಕಾರ್ಡರ್ ಹಿಡಿದು ಸಂತೆಗೆ, ಅಂಗನವಾಡಿಗೆ, ಹಾಲಿನ ಡೇರಿಗೆ ಹೋಗಿ ಬರುವವರು. ಒಂದು ಗಂಟೆಯ ಮಾತನ್ನು ಕೂತು ಕೇಳಿ, ಯಾವ ನಿಮಿಷದಲ್ಲಿ ಯಾರು ಏನು ಹೇಳಿದರೆಂದು ಬರೆದಿಡುವವರು ಸಿಕ್ಕರಂತೂ ನಿಲಯದವರು ಕೈ ಮುಗಿಯುತ್ತಾರೆ.

ಸಿನಿಮಾದ ಮಾತು ಸ್ವಲ್ಪ ಬೇರೆ, ಯಾಕೆಂದರೆ ಅಲ್ಲಿ ಹಣ ಹೆಚ್ಚು ಬೇಕು. ಕೇರಳದ ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಗೆಳೆಯರು ಕೋಳಿಕೋಡಿನಲ್ಲಿ ಕಟ್ಟಿದ ಒಡೆಸ್ಸಾ ಕೂಟ ಹಣಕ್ಕಾಗಿ ಹೋದದ್ದು ಜನರ ಬಳಿಗೇ. ಊರೂರಲ್ಲಿ ಚಾಪ್ಲಿನ್ನನ ‘ದ ಕಿಡ್’ ತೋರಿಸಿ, ನೋಡಿದವರು ಕೊಟ್ಟ ಚಿಲ್ಲರೆ ಸೇರಿಸಿ 1986ರಲ್ಲಿ ‘ಅಮ್ಮ ಅರಿಯಾನ್’ ಮುಗಿಸಿದರು. ಮುಗಿದ ಚಿತ್ರವೂ ಅದೇ ದಾರಿಯಲ್ಲಿ ಊರುಗಳಿಗೆ ಹೋಯಿತು. ಮರುವರ್ಷ ಜಾನ್ ತೀರಿಕೊಳ್ಳದೇ ಇದ್ದಿದ್ದರೆ ಆ ಪ್ರಯೋಗ ಇನ್ನೆಲ್ಲಿಗೆ ಮುಟ್ಟುತ್ತಿತ್ತೋ.

ನಾಸಿಕ್ ಜಿಲ್ಲೆಯ ಮಾಲೆಗಾಂವ್ ವಿದ್ಯುತ್ ಮಗ್ಗಗಳ ಊರು. ಅಲ್ಲಿನ ಶೇಖ್ ನಾಸಿರ್ 2000ದ ಹೊತ್ತಿಗೆ ‘ಶೋಲೆ’ಯ ಮಾಲೆಗಾಂವ್ ಆವೃತ್ತಿ ತೆಗೆದರು, ಆಮೇಲೆ ಸೂಪರ್‌ಮ್ಯಾನ್‌ನನ್ನೂ ಕರೆತಂದರು. ನಟರು ಮಗ್ಗದ ಕೆಲಸಗಾರರು, ಅಂಗಡಿಯವರು. ಫೈಜಾ ಅಹ್ಮದ್ ಖಾನ್ ಅವರ ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ ಸಾಕ್ಷ್ಯಚಿತ್ರದಲ್ಲಿ ಈ ತಂಡದ ಕೆಲಸವನ್ನು ಹತ್ತಿರದಿಂದ ನೋಡಬಹುದು. ಕ್ರೇನ್ ತರಲು ದುಡ್ಡಿಲ್ಲ. ಎತ್ತಿನ ಗಾಡಿಯ ಒಂದು ತುದಿಯನ್ನು ಕೆಳಗೊತ್ತಿದರೆ ಇನ್ನೊಂದು ತುದಿಯಲ್ಲಿ ಕ್ಯಾಮೆರಾ ಹಿಡಿದು ಕೂತಾತ ಮೇಲೇರುತ್ತಾನೆ. ಸೈಕಲ್ಲೇ ಟ್ರಾಲಿ. ಅಲ್ಲಿ ಕೊರತೆಯ ಗೊಣಗಾಟಕ್ಕೆ ಹೊತ್ತಿಲ್ಲ, ಶಾಟ್ ಸರಿಯಾಗಬೇಕೆಂಬ ಹಟ ಮಾತ್ರ ಇದೆ. ಊರಿನವರು ತಮ್ಮದೇ ಮಾತಿನಲ್ಲಿ ತಮ್ಮವರನ್ನು ಪರದೆಯ ಮೇಲೆ ಕಂಡು ಸಂಭ್ರಮಿಸಿದರು.

ತೆಗೆಯುವ ಮೊದಲು ನೋಡಲು ಕಲಿಯಬೇಕು ಎಂಬ ತಿಳಿವಳಿಕೆ ಹೆಗ್ಗೋಡಿನದ್ದು. 1973ರಲ್ಲಿ ನೀನಾಸಂ ಚಿತ್ರಸಮಾಜ ಶುರುವಾದಾಗ ಅಡಿಕೆ ತೋಟಗಳ ನಡುವಿನ ಆ ಹಳ್ಳಿಯಲ್ಲಿ ಲೋಕದ ಶ್ರೇಷ್ಠ ಸಿನಿಮಾಗಳನ್ನು ಯಾರು ನೋಡುತ್ತಾರೆಂಬ ಅನುಮಾನ ಹಲವರಿಗಿತ್ತು. ಜನ ನೋಡಿದರು, ಚರ್ಚಿಸಿದರು. ಪುಣೆಯಿಂದ ಸತೀಶ್ ಬಹಾದ್ದೂರ್, ಪಿ.ಕೆ. ನಾಯರ್ ಬಂದು ರಸಗ್ರಹಣ ಶಿಬಿರಗಳಲ್ಲಿ ಪಾಠ ಮಾಡಿದರು. ಕೆ.ವಿ. ಸುಬ್ಬಣ್ಣನವರ ಬಳಗ 1980ರ ದಶಕದಲ್ಲಿ ‘ಜನಸ್ಪಂದನ’ ಯೋಜನೆಯಡಿ ಸಿನಿಮಾ, ನಾಟಕಗಳನ್ನು ಇತರ ಹಳ್ಳಿಗಳಿಗೂ ಒಯ್ದಿತು. ಬೆಂಗಳೂರಿನಲ್ಲಿ 1971ರಿಂದ ಇರುವ ಸುಚಿತ್ರಾದಂಥ ಫಿಲ್ಮ್ ಸೊಸೈಟಿಗಳು ಬೆಳೆದದ್ದೂ ಸಂಜೆಯ ಹೊತ್ತು ಬಿಡುವು ಮಾಡಿಕೊಂಡು ಬಂದವರಿಂದ. ರೀಲು ತರುವುದು, ಕುರ್ಚಿ ಜೋಡಿಸುವುದು, ಪ್ರದರ್ಶನದ ನಂತರದ ಚರ್ಚೆ ನಡೆಸುವುದು ಇವೆಲ್ಲ ಸಿನಿಮಾ ಕಲಿಕೆಯೇ.

ಹೊಸಬರಿಗೆ ಕೆಲವು ಮಾತುಗಳನ್ನು ಹೇಳಲೇಬೇಕು. ಫೋನಿನ ಚಿತ್ರ ಈಗ ಚೆನ್ನಾಗಿರುತ್ತದೆ, ಧ್ವನಿ ಕೆಡುತ್ತದೆ; ಗಾಳಿಯ ಸದ್ದು, ಪಂಪ್‌ಸೆಟ್ಟಿನ ಸದ್ದು ಅಜ್ಜಿಯ ಮಾತನ್ನು ನುಂಗಿಬಿಡುತ್ತದೆ. ಮೊದಲು ಕೊಳ್ಳಬೇಕಾದದ್ದು ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು. ಒಪ್ಪಿಗೆಯನ್ನು ತೆಗೆಯುವ ಮೊದಲೂ ಕೇಳಬೇಕು, ತೋರಿಸುವ ಮೊದಲೂ ಕೇಳಬೇಕು. ಕೂಲಿ ಬಿಟ್ಟು ಬರುವ ಮಹಿಳೆಯನ್ನೂ ರಜೆಯಲ್ಲಿರುವ ಕಾಲೇಜು ವಿದ್ಯಾರ್ಥಿಯನ್ನೂ ‘ಸ್ವಯಂಸೇವಕರು’ ಎಂದು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಒಂದು ದಿನದ ದುಡಿಮೆ ಕಳೆದುಕೊಂಡವರಿಗೆ ಆ ದಿನದ ಕೂಲಿ, ಎಲ್ಲರಿಗೂ ಬಸ್ ಚಾರ್ಜು, ಊಟ ಸಿಗಬೇಕು. ಇಷ್ಟನ್ನು ಲೆಕ್ಕಕ್ಕೆ ಹಿಡಿಯದ ಸಂಸ್ಥೆಗಳಲ್ಲಿ ಕೊನೆಗೆ ಉಳಿಯುವವರು ಉಳ್ಳವರ ಮಕ್ಕಳು ಮಾತ್ರ.

ತೆಗೆದದ್ದನ್ನು ಕಾಪಾಡುವ ಕೆಲಸವೂ ಇದೆ. ತಾಲ್ಲೂಕು ಕೇಂದ್ರಗಳ ಹಳೆಯ ಸ್ಟುಡಿಯೊಗಳಲ್ಲಿ ಮದುವೆ, ಜಾತ್ರೆ, ಬಯಲಾಟ, ಚಳವಳಿಗಳ ವಿಡಿಯೊ ಕ್ಯಾಸೆಟ್‌ಗಳು ಬೂಷ್ಟು ಹಿಡಿಯುತ್ತಿವೆ. ಅವನ್ನು ಓಡಿಸುವ ಯಂತ್ರಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಹಲವೆಡೆ ಕಂಪ್ಯೂಟರ್ ಬಂದಿದೆ. ಒಂದು ಹಾರ್ಡ್ ಡಿಸ್ಕ್, ತಂತ್ರ ಬಲ್ಲ ಇಬ್ಬರು ಯುವಜನರು, ಚಿತ್ರದಲ್ಲಿರುವವರನ್ನು ಗುರುತಿಸಿ ಹೆಸರು ಹೇಳಬಲ್ಲ ಹಿರಿಯರೊಬ್ಬರು ಸೇರಿದರೆ ಒಂದು ಊರಿನ ಕೆಲಸ ಶುರು ಮಾಡಬಹುದು. ಹೆಸರು, ಓಣಿ, ವರ್ಷವನ್ನು ಆಗಲೇ ಬರೆದಿಡಬೇಕು. ಖಾಸಗಿ ಸಮಾರಂಭದ ಚಿತ್ರವಾದರೆ ಆ ಮನೆಯವರನ್ನು ಕೇಳಬೇಕು. ಒಂದು ಪ್ರತಿ ಅರಿವು ಕೇಂದ್ರದಲ್ಲಿ, ಇನ್ನೊಂದು ಹತ್ತಿರದ ಬಾನುಲಿ ನಿಲಯದಲ್ಲಿ ಇರಲಿ. ಇಂಥ ಕೆಲಸಕ್ಕೆ ಕೈ ಹಾಕಿರುವ ಊರುಗಳ ವಿವರಗಳನ್ನು ಪ್ರಕಟಿಸಲು ಈ ಪತ್ರಿಕೆ ಮುಂದಿನ ಸಂಚಿಕೆಗಳಲ್ಲಿ ಪುಟಗಳನ್ನು ತೆಗೆದಿಡಲಿದೆ.